ಹಬ್‌ನೊಳಗಿನ ನೀಲಿ ಪುಡಿ

ಚೈನು ಸುತ್ತುವ ಹಲ್ಲಿನ ಸ್ಪ್ರಾಕೆಟ್ ಕೂತಿದ್ದ ತಟ್ಟೆ ಡಬ್ಬಿಯ ಮುಚ್ಚಳದ ಹಾಗೆ ಸಲೀಸಾಗಿ ಕಳಚಿ ಬಂತು. ಬಿಗಿಯಾಗಿರುತ್ತದೆ ಎಂದುಕೊಂಡು ಕಾಲೂರಿ, ಹಲ್ಲುಕಚ್ಚಿ ಎಳೆದಿದ್ದ ಇನ್ಸ್‌ಪೆಕ್ಟರ್ ಹಿಂದಕ್ಕೆ ತೂರಾಡಿ, ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಟೈರುಗಳ ಮೇಲೆ ಬೀಳುವುದರಲ್ಲಿದ್ದ.

"ಇಷ್ಟು ಸಡಿಲ ಇರಬಾರದು," ಎಂದಳು ಗ್ಯಾರೇಜಿನ ಒಡತಿ. "ಅಣ್ಣಾ, ಇಷ್ಟು ಸಡಿಲ ಇರೋಕೆ ಸಾಧ್ಯವೇ ಇಲ್ಲ. ನಾನು ಸೋಪು ನೀರು ಸವರಿ, ಮರದ ಸುತ್ತಿಗೇಲಿ ತಟ್ಟಿ ತಟ್ಟಿ ಕೂರಿಸಿದ್ದೆ."

ಇನ್ಸ್‌ಪೆಕ್ಟರ್ ಸತ್ತವನ ಬೈಕಿನ ಹಿಂದಿನ ಚಕ್ರವನ್ನು ಬೆಳಕಿನ ಕಡೆಗೆ ಹೊರಳಿಸಿ, ಅದರ ನಡುವಿನ ಹಬ್‌ನೊಳಗೆ ಬಗ್ಗಿ ನೋಡಿದ.

ಗ್ಯಾರೇಜಿಗೂ ಮನೆಗೂ ನಡುವಿನ ಗೋಡೆಯಲ್ಲಿ ಒಂದು ದೊಡ್ಡ ಕಿಟಕಿಯಿತ್ತು. ಅದರ ಈಚೆ, ಮನೆಯ ಕಡೆ, ಗಾಲಿಕುರ್ಚಿಯಲ್ಲಿ, ಅವಳ ಅಪ್ಪನೂ ಬಗ್ಗಲು ನೋಡಿದ. ಮೈ ಬಗ್ಗಲಿಲ್ಲ. ಕತ್ತು ಮಾತ್ರ ಚೂರು ಮುಂದೆ ಬಂತು.

ಒಂದು ಕಾಲದಲ್ಲಿ ಇದೇ ಇನ್ಸ್‌ಪೆಕ್ಟರ್ ಅವನ ಕೈಕೆಳಗೆ ಪಳಗಿದವನು. ಎಂಥ ಗಟ್ಟಿ ಆಸಾಮಿಯಾದರೂ ಸರಿ, ಎದುರಿಗೆ ಕೂರಿಸಿಕೊಂಡು, ದನಿಯೇರಿಸದೆ, ಕೊನೆಗೆ 'ಹೌದು' ಅನ್ನಿಸಿಯೇ ಏಳುತ್ತಿದ್ದ ಪತ್ತೇದಾರ ಈ ಅಪ್ಪ. ಈಗ ಪಾರ್ಶ್ವವಾಯು ಬಡಿದು ಬಲಮೈ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಒಂದು ಶಬ್ದ. ಹೌದು. ನೀರು ಬೇಕಾದರೂ ಹೌದು, ಬೇಡವಾದರೂ ಹೌದು, ಪಾದದ ಮೇಲೆ ಇರುವೆ ಹತ್ತಿ ಕಚ್ಚಿದರೂ ಹೌದು. ಬೀದಿಯವರು ಅವನಿಗೆ 'ಹೌದಪ್ಪ' ಎಂದು ಹೆಸರಿಟ್ಟಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಅವನ ಕಿವಿ ಚುರುಕಾಗಿಯೇ ಇತ್ತು. ಬುದ್ಧಿಯಂತೂ ಮೊದಲಿದ್ದ ಹಾಗೇ ಇತ್ತು. ಅದೇ ದೊಡ್ಡ ಶಿಕ್ಷೆ.

"ಇದೇನಮ್ಮಾ ಇದು?" ಎಂದ ಇನ್ಸ್‌ಪೆಕ್ಟರ್.

ಹಬ್‌ನ ಒಳಗೆ ಆರು ಗೂಡುಗಳಿದ್ದವು. ಒಂದೊಂದರಲ್ಲೂ ದಪ್ಪನೆಯ ಕಪ್ಪು ರಬ್ಬರ್ ತುಂಡು ಗಟ್ಟಿಯಾಗಿ ಕೂತಿರಬೇಕಿತ್ತು. ಅಲ್ಲಿ ಇದ್ದದ್ದು ನೀಲಿ ಪುಡಿ, ಅದರ ನಡುವೆ ಅಲ್ಲಲ್ಲಿ ಬಿಳಿ ಚೂರು. ಎರಡು ಗೂಡುಗಳ ಮಧ್ಯದ ಗೋಡೆ ಮುರಿದು ಹೋಗಿತ್ತು.

ಮಗಳು ಎರಡು ಬೆರಳಲ್ಲಿ ಆ ಪುಡಿ ತೆಗೆದು ತಿಕ್ಕಿ ನೋಡಿದಳು.

"ನನಗೆ ಈ ಕೆಲಸ ಗೊತ್ತಿಲ್ಲ. ಬಿಡಿಸಿ ಹೇಳು," ಎಂದ ಇನ್ಸ್‌ಪೆಕ್ಟರ್.

"ಮೇಷ್ಟ್ರು ತಂದದ್ದು ಡರ್ಟ್ ಬೈಕು. ಅದರ ಹಿಂದಿನ ಹಬ್ ಬರೀ ಗಟ್ಟಿ ಲೋಹ. ಮಣ್ಣಲ್ಲಿ ಓಡಿಸೋವಾಗ ಚಕ್ರ ಜಾರುತ್ತೆ, ಇಂಜಿನ್ ಕೊಡೋ ಜಗ್ಗು ಮಣ್ಣಲ್ಲೇ ಸೋರಿಹೋಗುತ್ತೆ. ಟಾರು ರಸ್ತೇಲಿ ಹಾಗಲ್ಲ. ಟೈರು ಕಚ್ಚಿ ಹಿಡಿಯುತ್ತೆ. ಆ ಜಗ್ಗೆಲ್ಲ ಚೈನಿಗೆ, ಗೇರಿಗೆ ಬಡಿಯುತ್ತೆ. ಬರೀ ಲೈಟು, ಕನ್ನಡಿ, ರಸ್ತೆ ಟೈರು ಹಾಕಿದ್ರೆ ರಸ್ತೆ ಬೈಕ್ ಆಗಲ್ಲ ಮೇಷ್ಟ್ರೇ, ಕುಶನ್ ಹಬ್ ಹಾಕಿಸ್ಕೊಳ್ಳಿ ಅಂತ ನಾನೇ ಬಲವಂತ ಮಾಡಿದ್ದು. ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ಮಧ್ಯೆ ರಬ್ಬರ್ ಕೂತಿರುತ್ತೆ. ಬರೋ ಜಗ್ಗನ್ನ ಅದು ನುಂಗುತ್ತೆ."

"ರಬ್ಬರ್ ಇಲ್ಲದಿದ್ರೆ?"

"ತಟ್ಟೆ ಒಳಗೇ ಹಿಂದೆ ಮುಂದೆ ಬಡಿಯುತ್ತೆ. ಬಡಿದೂ ಬಡಿದೂ ಈ ಗೋಡೆ ಒಡೆಯುತ್ತೆ. ಚೈನು ಹಲ್ಲು ಬಿಟ್ಟು ಎಗರುತ್ತೆ. ಎಗರಿದ ಚೈನು ಮುಂದೆ ಹೋಗಿ ಸಿಕ್ಕಿಹಾಕಿಕೊಂಡ್ರೆ ಚಕ್ರ..."

ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸೇತುವೆಗೆ ಇಳಿಯುವ ತಿರುವಿನಲ್ಲಿ ಚಕ್ರ ಗಕ್ಕನೆ ನಿಂತು, ಮೇಷ್ಟ್ರು ಹಾರಿ ಕಲ್ಲಿನ ಕಟ್ಟೆಗೆ ಬಡಿದಿದ್ದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

ಜೊತೆಗೆ ಬಂದಿದ್ದ ಪೇದೆ ಅಂಗೈಯಲ್ಲಿ ಪುಡಿ ಹಾಕಿಕೊಂಡು ಮೂಸಿದ. "ಸಾರ್, ಇದು ಸ್ಪಂಜಿನ ಚಪ್ಪಲಿ. ನಮ್ಮನೇಲೂ ಇದೆ. ಮೇಲೆ ಬಿಳಿ, ಕೆಳಗೆ ನೀಲಿ."

ಹೌದಪ್ಪನಿಗೆ ಆಶ್ಚರ್ಯವಾಗಲಿಲ್ಲ. ಆ ಚಪ್ಪಲಿ ಅವನದೇ.

ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಮಗಳು ಅದನ್ನು ಕೊಂಡುತಂದಿದ್ದಳು. "ಬೇಗ ಹಾಕ್ಕೊಂಡು ಓಡಾಡ್ತೀಯ ನೋಡ್ತಿರು, ಅಪ್ಪಾ" ಎಂದು ಮಂಚದ ಕೆಳಗೆ ಜೋಡಿಸಿಟ್ಟಿದ್ದಳು. ಅವನು ಓಡಾಡಲಿಲ್ಲ. ನಡೆಯದವನ ಚಪ್ಪಲಿ ಇದೆಯೋ ಇಲ್ಲವೋ ಎಂದು ಯಾರು ನೋಡುತ್ತಾರೆ?

ಅದು ಹೋದದ್ದು ಹೇಗೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ.

ಬಹುತೇಕ ಕೆಲಸ ಮುಗಿದಿದ್ದ ಬೈಕು ಗ್ಯಾರೇಜಿನ ನಡುವೆ ನಿಂತಿತ್ತು. ಮಗಳು ಲೈಟಿನ ಸ್ವಿಚ್ಚು ತರಲು ಪೇಟೆಗೆ ಹೋಗಿದ್ದಳು. ಊಟದ ನಂತರದ ಹೊತ್ತು. ಹೌದಪ್ಪನ ಗಲ್ಲ ಎದೆಗೆ ತಾಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಅಳಿಯ ಬಂದು ಅವನ ಮುಖ ನೋಡಿದ. ನಿದ್ದೆ ಎಂದುಕೊಂಡ. ಮಂಚದ ಕೆಳಗೆ ಕೈಹಾಕಿ ಚಪ್ಪಲಿ ತೆಗೆದುಕೊಂಡು ಗ್ಯಾರೇಜಿಗೆ ನಡೆದ.

ಅಳಿಯ ಟೈಲರ್. ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ. ಸ್ಪ್ಯಾನರ್ ಹಿಡಿಯಲೂ ಬರುವುದಿಲ್ಲ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದವನು. ಆ ಮಧ್ಯಾಹ್ನ ಅವನು ಹಿಂದಿನ ಚಕ್ರ ಬಿಚ್ಚಿದ ರೀತಿ ನೋಡಿದರೆ, ಇಷ್ಟು ವರ್ಷ ಹೆಂಡತಿಯ ಪಕ್ಕ ಸುಮ್ಮನೆ ನಿಂತಿರಲಿಲ್ಲ ಎಂಬುದು ಗೊತ್ತಾಗುತ್ತಿತ್ತು. ತಟ್ಟೆಯನ್ನು ಮೀಟಿ ತೆಗೆದ. ಒಂದೊಂದೇ ರಬ್ಬರ್ ಕಿತ್ತ. ಒಂದನ್ನು ಮಗುಚಿದ ಚಪ್ಪಲಿಯ ನೀಲಿ ತಳದ ಮೇಲಿಟ್ಟು, ಅಂಗಿಯ ಜೇಬಿನಿಂದ ಸೀಮೆಸುಣ್ಣದ ಬಿಲ್ಲೆ ತೆಗೆದು, ಕಾಲರಿಗೆ ಗುರುತು ಹಾಕುವಷ್ಟೇ ನಾಜೂಕಾಗಿ ಸುತ್ತ ಗೆರೆ ಎಳೆದ. ದೊಡ್ಡ ಕತ್ತರಿ. ಒಂದೇ ಏಟಿಗೆ ಒಂದೊಂದು ಬದಿ. ಎರಡೆರಡು ತುಂಡು ಜೋಡಿಸಿ ಗೂಡಿಗೆ ತುರುಕಿ ಮುಚ್ಚಿದ. ನಾಲ್ಕು ದಿನ ಓಡಿಸಿದರೂ ಏನೂ ಗೊತ್ತಾಗದಷ್ಟು ಬಿಗಿ. ಆಮೇಲೆ ಪುಡಿ.

ಹೌದಪ್ಪ ಮೈಯೆಲ್ಲ ಕಣ್ಣಾಗಿ ನೋಡಿದ್ದ. ಅಲುಗಾಡಲಿಲ್ಲ. ಕಳ್ಳನನ್ನು ಕಂಡಾಗ ಮೊದಲು ಪೂರ್ತಿ ನೋಡು, ಆಮೇಲೆ ಬಾಯಿ ತೆರೆ ಎಂಬುದು ಅವನ ಹಳೆಯ ಅಭ್ಯಾಸ. ಬಾಯಿ ತೆರೆಯುವ ಭಾಗ ತನ್ನಲ್ಲಿ ಉಳಿದಿಲ್ಲ ಎಂಬುದು ನೆನಪಾದದ್ದು ಕೆಲಸವೆಲ್ಲ ಮುಗಿದ ಮೇಲೆ.

ಮಾರನೆಯ ದಿನ ಮೇಷ್ಟ್ರು ಬೈಕು ತೆಗೆದುಕೊಂಡು ಹೋಗಲು ಬಂದ. ಶಾಲೆಯ ಮೇಷ್ಟ್ರಲ್ಲ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವವನು. ಬೀದಿಗೆಲ್ಲ ಅವನು 'ಮಾತಿನ ಮೇಷ್ಟ್ರು'. ಅವನನ್ನು ಕಂಡದ್ದೇ ಹೌದಪ್ಪ ಎಡಗೈ ಎತ್ತಿ ಕುರ್ಚಿಯ ಕೈಯನ್ನು ಬಡಿದ. "ಹೌದು! ಹೌದು! ಹೌದು!" ಎಂದು ಕೂಗಿದ.

ಮೇಷ್ಟ್ರ ಮುಖ ಅರಳಿತು. "ಆಹಾ! ಇವತ್ತು ದನಿ ಎಷ್ಟು ಚೆನ್ನಾಗಿ ಬರ್ತಿದೆ ನೋಡಿ! ಹೀಗೇ ಇರಲಿ ಸಾರ್," ಎಂದು ಅವನ ಕೆನ್ನೆ ತಟ್ಟಿ, ಬೈಕ್ ಏರಿ ಹೊರಟುಹೋದ.

ಆ ದೃಶ್ಯ ನೆನಪಾದಾಗಲೆಲ್ಲ ಹೌದಪ್ಪನಿಗೆ ತನ್ನ ನಾಲಿಗೆಯನ್ನು ತಾನೇ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು.

ಮೇಷ್ಟ್ರು ಯಾಕೆ ಸಾಯಬೇಕಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಅಳಿಯನಿಗೆ ಮೊದಲೇ ಒಂದು ಮದುವೆಯಾಗಿತ್ತು. ಆ ಹೆಂಡತಿ ಮಹಡಿಯಿಂದ ಬಿದ್ದು ಸತ್ತಿದ್ದಳು. ಮಗಳಿಗೆ ತಿಳಿಯದ ಈ ಸಂಗತಿಯನ್ನು ಹೌದಪ್ಪ ಹಳೆಯ ಗೆಳೆಯನೊಬ್ಬನಿಂದ ತಿಳಿದು, ಅಳಿಯನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದ್ದ. 'ಬಿದ್ದಳೋ, ತಳ್ಳಿದೆಯೋ?' ಎಂದು ಕೇಳಿದ ಗಳಿಗೆಯಲ್ಲೇ ತಲೆಯೊಳಗೆ ಏನೋ ಹರಿದಂತಾಗಿ ನೆಲಕ್ಕೆ ಉರುಳಿದ್ದ. ಅಲ್ಲಿಗೆ ಆ ಪ್ರಶ್ನೆಗೆ ಬೀಗ ಬಿತ್ತು. ಆ ಬೀಗ ತೆಗೆಯಲು ಹೊರಟವನೇ ಮೇಷ್ಟ್ರು. ಚಿತ್ರಗಳ ಬಿಲ್ಲೆಗಳನ್ನು ಹರಡಿ, 'ಯಾವುದು ಹೇಳಬೇಕು ತೋರಿಸಿ' ಅನ್ನುತ್ತಿದ್ದ. ಒಂದು ದಿನ ಹೌದಪ್ಪನ ಎಡಗೈ 'ಹೆಂಗಸು', 'ಮಹಡಿ' ಎರಡರ ಮೇಲೂ ನಿಂತಿತು. ಮೇಷ್ಟ್ರು ಹೊರಗೆ ಹೋಗುತ್ತ ಅಳಿಯನಿಗೆ ಖುಷಿಯಿಂದ ಹೇಳಿದ್ದು ಕಿಟಕಿಯಲ್ಲಿ ಕೇಳಿಸಿತ್ತು: "ನಿಮ್ಮ ಮಾವ ಏನೋ ಮುಖ್ಯವಾದ್ದು ಹೇಳೋಕೆ ಒದ್ದಾಡ್ತಿದ್ದಾರೆ. ಇನ್ನು ಸ್ವಲ್ಪ ದಿನ. ಬಾಯಿ ಬಿಡಿಸಿಬಿಡ್ತೀನಿ ನೋಡ್ತಿರಿ."

"ಸಾರ್! ಇಲ್ಲಿ ನೋಡಿ!"

ಪೇದೆಯ ಕೂಗಿಗೆ ಹೌದಪ್ಪ ಬೆಚ್ಚಿದ. ಮಗಳ ಬೆಂಚಿನ ಕೆಳಗಿನ ಖಾನೆಯಿಂದ ಪೇದೆ ಒಂದು ಬಟ್ಟೆಯ ಗಂಟು ಹೊರತೆಗೆದಿದ್ದ. ಬಿಚ್ಚಿದರೆ ಎರಡು ಚಪ್ಪಲಿ. ಹಿಮ್ಮಡಿಯ ಭಾಗ ಇತ್ತು, ಪಟ್ಟಿ ಇತ್ತು. ಮಧ್ಯದಲ್ಲಿ ರಬ್ಬರ್ ತುಂಡಿನ ಆಕಾರಕ್ಕೆ ಕತ್ತರಿಸಿ ತೆಗೆದ ಖಾಲಿ ಜಾಗಗಳು.

"ಇದು... ಅಪ್ಪನ ಚಪ್ಪಲಿ," ಎಂದಳು ಮಗಳು. "ಇಲ್ಲಿಗೆ ಹೇಗೆ ಬಂತು?"

"ಅದನ್ನ ನಾನು ಕೇಳಬೇಕು," ಎಂದ ಇನ್ಸ್‌ಪೆಕ್ಟರ್.

ಅವನು ಚಪ್ಪಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೌದಪ್ಪನ ಕಣ್ಣಿಗೆ ಅದು ಒಂದು ಮೊಳ ದೂರದಲ್ಲಿತ್ತು. ಕತ್ತರಿಸಿದ ಅಂಚು ನುಣುಪಾಗಿತ್ತು. ಮಗಳು ರಬ್ಬರ್ ಕತ್ತರಿಸುವುದು ಗರಗಸದ ಬ್ಲೇಡಿನಲ್ಲಿ. ಅಂಚು ಯಾವಾಗಲೂ ಹಲ್ಲು ಹಲ್ಲು. ಮತ್ತೆ, ಅಂಚಿನ ಗುಂಟ, ನೀಲಿಯ ಮೇಲೆ ಸಣ್ಣ ಬಿಳಿ ಗೆರೆ. ಟೈಲರ್ ಸೀಮೆಸುಣ್ಣ. ಇಡೀ ಊರಲ್ಲಿ ಚಪ್ಪಲಿಗೆ ಅದರಿಂದ ಗುರುತು ಹಾಕುವವನು ಒಬ್ಬನೇ.

'ನೋಡೋ,' ಎಂದು ಹೌದಪ್ಪ ಒಳಗೇ ಕೂಗಿದ. 'ನಾನು ಕಲಿಸಿದ್ದು ಇದನ್ನೇ ಅಲ್ವೇನೋ? ಮೊದಲು ಅಂಚು ನೋಡು!'

ಬಾಯಿಂದ ಬಂದದ್ದು: "ಹೌದು."

"ಒಂದು ನಿಮಿಷ ಸಾರ್," ಎಂದ ಇನ್ಸ್‌ಪೆಕ್ಟರ್ ವಿನಯದಿಂದ. ಯೋಚಿಸುತ್ತ ಹೆಬ್ಬೆರಳಿನಿಂದ ಆ ಅಂಚನ್ನು ಸವರಿದ. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಬಿಳಿ ಗೆರೆ ಅಳಿಸಿಹೋಯಿತು. ಬೆರಳಿಗೆ ಹತ್ತಿದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಅಷ್ಟರಲ್ಲಿ ಅಳಿಯ ನೀರಿನ ಲೋಟಗಳನ್ನು ಹಿಡಿದು ಬಂದ. ಕುತ್ತಿಗೆಗೆ ಅಳತೆಪಟ್ಟಿ, ಮುಖದಲ್ಲಿ ಕಳವಳ. ಯಾರು ನೋಡಿದರೂ ಅಯ್ಯೋ ಪಾಪ ಅನ್ನಬೇಕು.

"ಅವಳಿಗೆ ಜೋರು ಮಾಡಬೇಡಿ ಸಾರ್. ಮೇಷ್ಟ್ರು ಬೇಗ ಬೇಕು ಅಂತಿದ್ರು. ಆ ರಬ್ಬರ್ ಎಲ್ಲೂ ಸಿಗ್ತಿಲ್ಲ ಅಂತ ಇವಳು ತಲೆ ಕೆಡಿಸ್ಕೊಂಡಿದ್ಲು. ಸದ್ಯಕ್ಕೆ ಏನೋ ಒಂದು ಹಾಕಿ ಕಳಿಸೋಣ ಅಂತ..."

"ರೀ!" ಮಗಳು ತಿರುಗಿದಳು. "ರಬ್ಬರ್ ಬಂದಿತ್ತಲ್ರೀ! ನೀವೇ ಪೊಟ್ಟಣ ಬಿಚ್ಚಿಕೊಟ್ರಿ!"

"ಬಂದಿತ್ತಾ?" ಅಳಿಯ ಹಣೆ ಉಜ್ಜಿಕೊಂಡ. "ನಾನೊಂದು ಪೊಟ್ಟಣ ಬಿಚ್ಚಿದ್ದು ನಿಜ. ಅದರೊಳಗಿದ್ದದ್ದು ಅದೇನಾ? ನನಗೆ ಈ ಸಾಮಾನೆಲ್ಲ ಎಲ್ಲಿ ಗೊತ್ತಾಗುತ್ತೆ? ನಿನಗೆ ಗೊತ್ತಲ್ಲ, ನಂದು ಗುಂಡಿ, ದಾರ ಅಷ್ಟೇ."

"ಅಯ್ಯೋ, ನೆನಪು ಮಾಡ್ಕೊಳ್ಳಿ!" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡನ ಮರೆವಿಗೆ ಸೋತವಳ ಗೋಳಿತ್ತು. ಅನುಮಾನದ ಒಂದು ಎಳೆಯೂ ಅವಳ ಮುಖದಲ್ಲಿ ಇಲ್ಲದ್ದನ್ನು ಹೌದಪ್ಪ ಕಂಡ.

ಇನ್ಸ್‌ಪೆಕ್ಟರ್ ಕೇಳಿದ: "ಬೈಕು ಕೊಡೋ ಹಿಂದಿನ ದಿನ, ಇವಳು ಪೇಟೆಗೆ ಹೋದಾಗ, ಇಲ್ಲಿ ಯಾರಿದ್ರು?"

"ನಾನೇ ಇದ್ದೆ. ಮಾವನ ಪಕ್ಕದಲ್ಲಿ ಕೂತು ಕಾಲು ತಿಕ್ತಿದ್ದೆ. ಎದ್ದೇ ಇಲ್ಲ. ಬೇಕಾದ್ರೆ ಅವರನ್ನೇ ಕೇಳಿ ಸಾರ್. ಮಾತು ಹೋಗಿರಬಹುದು, ಅರ್ಥ ಎಲ್ಲ ಆಗುತ್ತೆ. ಡಾಕ್ಟರೇ ಹೇಳಿದ್ದಾರೆ."

ಎಲ್ಲರೂ ಒಳಗೆ ಬಂದು ಹೌದಪ್ಪನ ಸುತ್ತ ನಿಂತರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು, ಒಂದು ಸ್ಟೂಲು ಎಳೆದುಕೊಂಡು ಎದುರು ಕೂತ. ಕಣ್ಣಲ್ಲಿ ಕಣ್ಣಿಟ್ಟ. ಹಾಗೆ ಕೂರುವುದನ್ನು ಅವನಿಗೆ ಹೇಳಿಕೊಟ್ಟದ್ದೂ ಹೌದಪ್ಪನೇ.

"ಸಾರ್, ನಾನು ಯಾರು ಗೊತ್ತಾಯ್ತಾ?"

"ಹೌದು."

"ನಾನು ನಿಮ್ಮ ಹತ್ರ ಕೆಲಸ ಕಲಿತವನು ಅಲ್ವಾ?"

"ಹೌದು."

ಇನ್ಸ್‌ಪೆಕ್ಟರ್ ತೃಪ್ತಿಯಿಂದ ತಲೆದೂಗಿದ. "ಆವತ್ತು ಮಧ್ಯಾಹ್ನ ನಿಮ್ಮ ಅಳಿಯ ನಿಮ್ಮ ಪಕ್ಕದಲ್ಲೇ ಕೂತಿದ್ರಾ?"

ಹೌದಪ್ಪ ಬಾಯಿ ಬಿಗಿಯಾಗಿ ಮುಚ್ಚಿದ. ಹಲ್ಲಿನಿಂದ ತುಟಿ ಕಚ್ಚಿ ಹಿಡಿದ. ಆದರೆ ಆ ಶಬ್ದಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ಬಿಕ್ಕಳಿಕೆಯ ಹಾಗೆ ತಾನೇ ಹೊರಬಿತ್ತು.

"ಹೌದು."

ಅಳಿಯ ನಿಟ್ಟುಸಿರಿಟ್ಟ. "ಪಾಪ, ಎಲ್ಲ ನೆನಪಿದೆ ಮಾವನಿಗೆ."

ಹೌದಪ್ಪ ಎಡಗೈ ಎತ್ತಿದ. ತೋರುಬೆರಳನ್ನು ಅಳಿಯನ ಎದೆಗೆ ನೇರವಾಗಿ ಚಾಚಿದ. ಇವನು. ಇವನೇ. ಇದಕ್ಕಿಂತ ಬಿಡಿಸಿ ಹೇಳುವುದು ಯಾವ ಭಾಷೆಯಲ್ಲಿ?

"ನಾನಿಲ್ಲೇ ಇದೀನಿ ಮಾವ, ಹೆದರಬೇಡಿ," ಎಂದು ಅಳಿಯ ಮುಂದೆ ಬಂದು ಆ ಕೈಯನ್ನು ತನ್ನ ಎರಡು ಕೈಯೊಳಗೆ ಹಿಡಿದುಕೊಂಡ. ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡು ಬೇರೆ ಕಡೆ ನೋಡಿದ.

ಅಳಿಯ ಬಗ್ಗಿದ್ದ. ಅಂಗಿಯ ಜೇಬು ಹೌದಪ್ಪನ ಕೈಗೆಟುಕುವಷ್ಟು ಹತ್ತಿರ ಬಂತು. ಅವನು ಕೈ ಬಿಡಿಸಿಕೊಂಡು ಬೆರಳನ್ನು ಆ ಜೇಬಿಗೆ ಸಿಕ್ಕಿಸಿ ಎಳೆದ. ಸೀಮೆಸುಣ್ಣದ ಬಿಲ್ಲೆ ತೊಡೆಯ ಮೇಲೆ ಬಿತ್ತು. ಅದನ್ನು ಹೇಗೋ ಹಿಡಿದು, ಹೊದಿಸಿದ್ದ ಕಂಬಳಿಯ ಮೇಲೆ ರಬ್ಬರ್ ತುಂಡಿನ ಆಕಾರ ಬರೆಯಲು ಹೊರಟ. ಒಂದು ಸೊಟ್ಟ ಗೆರೆ ಮೂಡಿತು. ಇನ್ನೊಂದು ಅದರ ಮೇಲೆಯೇ ಹರಿಯಿತು. ಬಿಲ್ಲೆ ಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

"ಮಗುವಿನ ಥರ ಆಗಿಬಿಟ್ಟಿದ್ದಾರೆ," ಎಂದ ಅಳಿಯ ಮೆಲ್ಲಗೆ. "ಕೈಗೆ ಸಿಕ್ಕಿದ್ದನ್ನೆಲ್ಲ ಎಳೀತಾರೆ."

ಹೋಳುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡ. ಹಾಕಿಕೊಳ್ಳುವಾಗ ಕಂಬಳಿಯ ಮೇಲಿನ ಗೆರೆಯನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಹೌದಪ್ಪನ ಮುಖವನ್ನು.

"ಅಣ್ಣಾ, ತಾಳಿ," ಎಂದಳು ಮಗಳು. ಅವಳಿಗೆ ಏನೋ ಹೊಳೆದಿತ್ತು. "ಅಪ್ಪ ಎಲ್ಲದಕ್ಕೂ ಹೌದು ಅಂತಾನೇ ಅನ್ನೋದು. ಬೇಕು ಅಂತ ಅಲ್ಲ, ಅವನಿಗೆ ಬರೋದೇ ಅದೊಂದು. ಅವನ ಮಾತಿನ ಮೇಲೆ ಏನೂ ತೀರ್ಮಾನ ಮಾಡಬೇಡಿ. ನೋಡಿ, ತೋರಿಸ್ತೀನಿ." ಅವಳು ಮಂಡಿಯೂರಿ ಅಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಅಪ್ಪಾ, ನೀನು ಹಕ್ಕೀನಾ? ನಿನಗೆ ರೆಕ್ಕೆ ಇದೆಯಾ?"

ಭಲೇ ಮಗಳೇ, ಎಂದುಕೊಂಡ ಹೌದಪ್ಪ. ಇದೊಂದಕ್ಕೆ ಹೌದು ಅಂದರೆ ಸಾಕು. ಹಿಂದಿನ ಹೌದುಗಳೆಲ್ಲ ಕವಡೆ ಕಿಮ್ಮತ್ತಿಲ್ಲದವಾಗುತ್ತವೆ. ಇಷ್ಟು ದಿನ ಶಾಪವಾಗಿದ್ದ ಶಬ್ದ, ಈಗ ಒಂದೇ ಒಂದು ಸಲ, ವರವಾಗಲಿ.

ಅವನು ಉಸಿರೆಳೆದುಕೊಂಡ. ಇದ್ದಬದ್ದ ಶಕ್ತಿಯನ್ನೆಲ್ಲ ನಾಲಿಗೆಗೆ ತಂದ.

ನಾಲಿಗೆ ಹೊರಳಲಿಲ್ಲ.

"ಹೇಳಪ್ಪಾ. ರೆಕ್ಕೆ ಇದೆಯಾ?"

ತುಟಿ ಅದುರಿತು. ಕತ್ತಿನ ನರ ಉಬ್ಬಿತು. ಬೇಡವೆಂದಾಗ ಉಕ್ಕಿ ಬರುತ್ತಿದ್ದ ಶಬ್ದ, ಬೇಕೆಂದು ಹುಡುಕಿದಾಗ ಎಲ್ಲೂ ಇರಲಿಲ್ಲ. ಹೀಗಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದ. ತಾನಾಗಿ ಬರುವ ಮಾತು ಬೇರೆ, ತರುವ ಮಾತು ಬೇರೆ ಸಾರ್ ಎಂದಿದ್ದ. ಅದನ್ನು ಈ ಕೋಣೆಯಲ್ಲಿ ಈಗ ವಿವರಿಸಲು ಅವನಿರಲಿಲ್ಲ.

"ಅಪ್ಪಾ! ಬೇರೇದು ಕೇಳ್ತೀನಿ. ಈಗ ಹೊರಗೆ ಕತ್ತಲಾಗಿದೆಯಾ?"

ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು. ಹೌದಪ್ಪನ ಬಾಯಿ ತೆರೆದೇ ಇತ್ತು. ಜೊಲ್ಲು ಒಂದು ಹನಿ ಗಲ್ಲಕ್ಕೆ ಇಳಿಯಿತು. ಅದರ ಹಿಂದೆಯೇ ಯಾರೂ ಕರೆಯದ ನಗುವೊಂದು ಎದ್ದುಬಂತು, ಕಾಯಿಲೆಯ ನಗು. ಮಗಳ ಮುಖ ನೋಡುತ್ತ, ಎದೆಯೊಳಗೆ ಬೆಂಕಿ ಬಿದ್ದಿರುವಾಗ, ಅವನು ಕಿಸಕ್ಕನೆ ನಕ್ಕ.

ಇನ್ಸ್‌ಪೆಕ್ಟರ್ ಮೆಲ್ಲಗೆ ಎದ್ದ. "ಸಾಕು ಬಿಡಮ್ಮ. ರೆಕ್ಕೆ, ಕತ್ತಲು ಅಂದ್ರೆ ಅವರಿಗೂ ನಗು ಬರುತ್ತೆ. ನಿಜ ಇದ್ದದ್ದಕ್ಕೆ ಹೌದು ಅಂದ್ರು, ಇಲ್ಲದ್ದಕ್ಕೆ ಸುಮ್ಮನಿದ್ರು. ಅವರ ತಲೆ ನನ್ನ ತಲೆಗಿಂತ ಚೆನ್ನಾಗಿದೆ." ಅವನು ಹೌದಪ್ಪನ ಕಡೆ ಬಗ್ಗಿದ. ದನಿ ತಗ್ಗಿತು. "ಸಾರ್, ಇದನ್ನ ಕೇಳೋಕೆ ನನಗೂ ಕಷ್ಟ. ಈ ಚಪ್ಪಲೀನ ಕತ್ತರಿಸಿ ಹಾಕಿದ್ದು ನಿಮ್ಮ ಮಗಳೇನಾ?"

ಹೌದಪ್ಪ ಉಸಿರು ಬಿಗಿಹಿಡಿದ. ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳಲು ನೋ‍ಡಿದ. ಅಳಿಯ ಆ ಕೈಯನ್ನು ಮತ್ತೆ ಪ್ರೀತಿಯಿಂದ ಹಿಡಿದುಕೊಂಡಿದ್ದ.

"ಹೌದು," ಎಂದಿತು ಬಾಯಿ.

ಮಗಳು ನಿಧಾನವಾಗಿ ಎದ್ದು ನಿಂತಳು. ಅವಳು ಅಳಲಿಲ್ಲ. ಕೈಗೆ ಹತ್ತಿದ್ದ ಗ್ರೀಸನ್ನು ಒಂದು ಚಿಂದಿಗೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

"ನಾನು ರಬ್ಬರನ್ನೇ ಹಾಕಿದ್ದು, ಅಣ್ಣಾ. ಹೊಸ ರಬ್ಬರ್. ಕೈಯಾರೆ ಕೂರಿಸಿದ್ದೀನಿ. ಮೇಷ್ಟ್ರು ಅಪ್ಪನಿಗೆ ಮಾತು ಕೊಡೋಕೆ ಬಂದವರು. ಅವರ ಗಾಡಿಗೆ ಚಪ್ಪಲಿ ಹಾಕ್ತೀನಾ ನಾನು?"

"ಠಾಣೇಲಿ ಎಲ್ಲ ಬರೆಸು. ಬಾ. ಜನ ಸೇರೋಕೆ ಮುಂಚೆ ಹೋಗಿಬಿಡೋಣ."

ಅವಳು ಅಪ್ಪನ ಬಾಯಿ ಒರೆಸಿ, ಜಾರಿದ್ದ ಕಂಬಳಿಯನ್ನು ಮೇಲೆಳೆದು ಹೊದಿಸಿದಳು. "ನೀನು ಬೇಜಾರು ಮಾಡ್ಕೋಬೇಡ ಅಪ್ಪಾ. ನಿನ್ನ ತಪ್ಪಲ್ಲ ಇದು. ನನಗೆ ಗೊತ್ತು." ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಅಪ್ಪನ್ನ ನೋಡ್ಕೊಳ್ಳಿ. ಊಟ ಮಾಡೋವಾಗ ಗಂಟಲಲ್ಲಿ ಸಿಕ್ಕಿಸ್ಕೋತಾನೆ. ಸಣ್ಣ ಸಣ್ಣ ತುತ್ತು ಕೊಡಿ. ಒಬ್ಬನ್ನೇ ಬಿಟ್ಟು ಎಲ್ಲೂ ಹೋಗಬೇಡಿ."

"ಎಲ್ಲೂ ಹೋಗಲ್ಲ," ಎಂದ ಅಳಿಯ.

ಕಿಟಕಿಯಿಂದ ಜೀಪಿನ ಹಿಂಭಾಗ ಕಾಣಿಸಿತು. ಮಗಳು ಹತ್ತಿ ಕೂತಳು. ಪಕ್ಕದಲ್ಲಿ ಆ ಚಕ್ರವನ್ನಿಟ್ಟರು. ಹೌದಪ್ಪ ಕೂಗಿದ. ಹೌದು, ಹೌದು, ಹೌದು. ಜೀಪು ಬೀದಿಯ ಕೊನೆ ಮುಟ್ಟುವ ತನಕ ಕೂಗಿದ. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದವಳು ಒಮ್ಮೆ ಇತ್ತ ನೋಡಿ, ಮರುಕದಿಂದ ತಲೆಯಾಡಿಸಿ, ಒಳಗೆ ಹೋದಳು.

ಅಳಿಯ ತಕ್ಷಣ ಏನೂ ಮಾಡಲಿಲ್ಲ. ಗ್ಯಾರೇಜಿನ ಬಾಗಿಲು ಎಳೆದ. ಬೆಂಚಿನ ಮೇಲೆ ಚೆಲ್ಲಿದ್ದ ನೀಲಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಅಡುಗೆಮನೆಗೆ ಹೋಗಿ ಹಾಲು ಬಿಸಿ ಮಾಡಿ, ಅದರಲ್ಲಿ ಬ್ರೆಡ್ಡು ನೆನೆಸಿ ತಂದ. ಕತ್ತಿಗೆ ಟವಲು ಕಟ್ಟಿ, ಎದುರು ಕೂತು, ಊದಿ ಊದಿ ಆರಿಸಿ, ತುತ್ತು ಕೊಡತೊಡಗಿದ. ದಿನಾ ಕೊಡುವ ಹಾಗೆಯೇ.

ಹೌದಪ್ಪ ನುಂಗಿದ. ನುಂಗದೆ ಏನು ಮಾಡಬೇಕು?

"ನೀವು ಕಂಬಳಿ ಮೇಲೆ ಏನೋ ಬರೆದ್ರಿ," ಎಂದ ಅಳಿಯ. "ಮೊದಲು ನನಗೂ ಅರ್ಥ ಆಗಲಿಲ್ಲ. ಆಮೇಲೆ ಅದರ ಆಕಾರ ನೋಡಿದೆ."

ಇನ್ನೊಂದು ತುತ್ತು.

"ಮೊದಲಿನವಳ ವಿಷಯ ನಿಮಗೆ ಗೊತ್ತಿರೋದು ನನಗೆ ಗೊತ್ತು. ಅದಕ್ಕೆ ನಾನು ಹೆದರಲ್ಲ. ಅದು ಹಳೇ ಮಾತು, ಸಾಕ್ಷಿ ಇಲ್ಲ. ಆದ್ರೆ ಇದು ಬೇರೆ. ಆವತ್ತು ನಾನು ಬಂದು ನಿಮ್ಮ ಮುಖ ನೋಡಿದೆ. ಗಲ್ಲ ಎದೆ ಮೇಲಿತ್ತು. ಚೆನ್ನಾಗಿ ಉಸಿರಾಡ್ತಿದ್ರಿ." ಅವನ ದನಿ ತಾಯಿ ಮಗುವಿಗೆ ಕತೆ ಹೇಳುವಷ್ಟು ಮೆತ್ತಗಿತ್ತು. "ಅದೊಂದು ಹೇಳಿಬಿಡಿ. ನಾನೂ ನೆಮ್ಮದಿಯಾಗಿರ್ತೀನಿ, ನೀವೂ ನೆಮ್ಮದಿಯಾಗಿರ್ತೀರಿ. ಆವತ್ತು ಮಧ್ಯಾಹ್ನ ನೀವು ನಿದ್ದೆ ಮಾಡ್ತಿದ್ರಿ. ಅಲ್ವಾ ಮಾವ?"

ಹೌದಪ್ಪನಿಗೆ ಜೀವದಲ್ಲಿ ಜೀವ ಬಂತು. ಇದಕ್ಕೆ ಉತ್ತರ ಹುಡುಕುವ ಗೋಜಿಲ್ಲ. ಅದು ನಾಲಿಗೆಯ ತುದಿಯಲ್ಲೇ ಕೂತಿದೆ. ಅದನ್ನು ಅಂದುಬಿಟ್ಟರೆ ಇವನು ಎದ್ದುಹೋಗುತ್ತಾನೆ. ಬದುಕಿದ್ದರೆ ನಾಳೆ ಇನ್ನೊಂದು ದಾರಿ ನೋಡಬಹುದು. ಮಗಳಿಗೆ ತಾನೊಬ್ಬನೇ ಸಾಕ್ಷಿ.

ಅವನು ಬಾಯಿ ತೆರೆದ.

"ಇಲ್ಲ."

ಸ್ಪಷ್ಟವಾಗಿ ಬಂತು. ಚೂರೂ ತೊದಲಲಿಲ್ಲ. ಕಾಯಿಲೆ ಬೀಳುವ ಮುಂಚಿನ ಅವನದೇ ಗಟ್ಟಿ ದನಿ, ಇಷ್ಟು ಕಾಲ ಎಲ್ಲಿತ್ತೋ ಅಲ್ಲಿಂದ ಎದ್ದುಬಂದು ಕೋಣೆಯ ನಡುವೆ ನಿಂತಿತು.

ಚಮಚ ಗಾಳಿಯಲ್ಲೇ ತಡೆಯಿತು. ಹಾಲು ಒಂದೆರಡು ಹನಿ ಟವಲಿನ ಮೇಲೆ ತೊಟ್ಟಿಕ್ಕಿತು.

ಅಳಿಯ ಬಟ್ಟಲನ್ನು ಮೆಲ್ಲಗೆ ನೆಲದ ಮೇಲಿಟ್ಟ. ಎದ್ದ. ಮುಂದಿನ ಕೋಣೆ ದಾಟಿ ಹೋಗಿ, ಬೀದಿ ಬಾಗಿಲಿನ ಚಿಲಕ ಹಾಕಿ, ವಾಪಸು ಬಂದ.